ಶೂನ್ಯಮಾಸದಲ್ಲಿ ಶಿವಮೊಗ್ಗ

ಹರಿಹರ

ವಿಲಾಯತಿಗೆ ಹೋಗಿಬಂದವರು ಹಡಗಿನ ವಾಂತಿಯಿಂದ ಹಿಡಿದು ಅಲ್ಲಿನ ದೊರೆಯ ಅರಮನೆಯವರೆಗೆ ಎಲ್ಲವನ್ನೂ ಬರೆದು ನಮ್ಮ ಧಾರವಾಡದ ವಾಚನಾಲಯದ ಕಪಾಟು ತುಂಬಿಸಿದ್ದಾರೆ. ನಾನು ಹೋದದ್ದು ಹರಿಹರದ ಸೇತುವೆಯ ಆಚೆಗೆ, ಮೈಸೂರು ಸಂಸ್ಥಾನಕ್ಕೆ. ನಗಬೇಡಿ, ಅದೂ ಪರದೇಶವೇ. ತುಂಗಭದ್ರೆ ದಾಟಿದರೆ ದೊರೆ ಬೇರೆ, ಕಾಯಿದೆ ಬೇರೆ, ಪೊಲೀಸನ ರುಮಾಲೂ ಬೇರೆ. 'ಆಗುವುದಿಲ್ಲ' ಎಂಬ ಮಾತಂತೂ ಆ ನಾಡಿನಲ್ಲಿ ಚಲಾವಣೆಯಲ್ಲೇ ಇಲ್ಲ. ಅದು ನನಗೆ ತಿಳಿದದ್ದು ತಡವಾಗಿ.

ಹರಿಹರದಲ್ಲಿ ಗಾಡಿ ನಿಂತಾಗ ಮಾತ್ರ ನನಗೆ ಹಿಗ್ಗೋ ಹಿಗ್ಗು. ಎಲ್ಲಿ ನೋಡಿದರೂ ಕನ್ನಡದ ಬೋರ್ಡು. ನಮ್ಮಲ್ಲಿ ಕಚೇರಿಯ ಮೆಟ್ಟಿಲು ಹತ್ತಿದರೆ ಮರಾಠಿ, ಇನ್ನೊಂದು ಮೆಟ್ಟಿಲು ಹತ್ತಿದರೆ ಇಂಗ್ಲಿಷು. ಇಲ್ಲಿ ನೀರಿನ ನಲ್ಲಿಯ ಮೇಲೂ ಕನ್ನಡ. ನಾನು ಶಾಲೆಯ ಡ್ರಾಯಿಂಗ್ ಮಾಸ್ತರ. ಅಕ್ಷರಗಳ ದುಂಡು ನೋಡುತ್ತ ನಿಂತು ಗಾಡಿ ತಪ್ಪಿಸಿಕೊಳ್ಳುವುದರಲ್ಲಿದ್ದೆ. ನಮ್ಮವರೇ ಇವರೆಲ್ಲ, ಮಾತಾಡಿದರೆ ಮುಗಿಯಿತು, ಕೆಲಸ ಆದ ಹಾಗೇ ಅಂದುಕೊಂಡೆ. ಎಂಥ ಪೆದ್ದ ನಾನು.

ಕೆಲಸವೇನೆಂದರೆ ನನ್ನ ತಂಗಿ ಗಂಗಾಳನ್ನು ಹೆರಿಗೆಗೆ ಕರೆತರುವುದು. ಅವಳನ್ನು ಶಿವಮೊಗ್ಗಕ್ಕೆ ಕೊಟ್ಟು ಕೆಲವು ವರ್ಷಗಳಾಗಿದ್ದವು. ಮೊದಲನೆಯ ಬಾಣಂತನಕ್ಕೆ ಅವರು ಕಳಿಸಲಿಲ್ಲ. ಗ್ರಹಗತಿ ಚೆನ್ನಾಗಿಲ್ಲ ಎಂದರು. ಆ ಕೂಸು ಹೆಸರಿಡುವ ಮೊದಲೇ ಹೋಯಿತು, ಇವಳೂ ಜ್ವರದಲ್ಲಿ ಸಾಯುವುದೊಂದು ಬಾಕಿಯಿತ್ತು. ಈಗ ಮತ್ತೆ ಏಳನೆಯ ತಿಂಗಳು. ನಮ್ಮ ಅವ್ವ ಬಾಣಂತಿ ಕೋಣೆಗೆ ಸುಣ್ಣ ಬಳಿಸಿ, ಅಜವಾನ ಹುರಿದಿಟ್ಟು, ನನ್ನನ್ನು ಸ್ಟೇಷನ್ನಿಗೆ ಅಟ್ಟಿದ್ದಳು. "ಆಕಿನ್ನ ಕರಕೊಂಡ ಬಾ. ಬರಿಗೈಲೆ ಬರಬ್ಯಾಡ," ಅಂದಿದ್ದಳು.

ಕೋಟೆ ರಸ್ತೆ

ಬೀರೂರಿನಲ್ಲಿ ಗಾಡಿ ಬದಲಿಸಿ, ಮೈತುಂಬ ಕಲ್ಲಿದ್ದಲ ಪುಡಿ ಹೊತ್ತು ಶಿವಮೊಗ್ಗದಲ್ಲಿ ಇಳಿದೆ. ಜಟಕಾದ ಸಾಬರು ನನ್ನ ಎರಡು ಮಾತು ಕೇಳಿದ್ದೇ ಹಿಂತಿರುಗಿ ನೋಡಿದರು. "ಕ್ಯಾ ಸ್ವಾಮಿ, ಹುಬ್ಬಳ್ಳಿ ಕಡೆಯೋರಾ? ನೀವು ಜಗಳ ಆಡ್ತಾ ಇದೀರಾ, ಮಾತಾಡ್ತಾ ಇದೀರಾ ಅಂತ ಕುದುರೆಗೂ ಗೊತ್ತಾಗ್ಲಿಲ್ಲ ನೋಡಿ," ಎಂದು ನಕ್ಕರು. ಮಾತಾಡುತ್ತಿದ್ದೇನೆ ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

ಗಂಗಾಳ ಮಾವ ಶಾಮಣ್ಣನವರು ಪೆನ್ಷನ್ ಪಡೆದ ಶಿರಸ್ತೇದಾರರು. ಅತ್ತೆ ಸಾವಿತ್ರಮ್ಮನವರು. ಗಂಡ ಶ್ರೀನಿವಾಸ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತ. ಅಲ್ಲೇ ಒಂದು ಕೋಣೆ ಹಿಡಿದಿದ್ದ, ರಜೆಗೆ ಮನೆಗೆ ಬರುತ್ತಿದ್ದ. ನನಗೆ ಆ ಮನೆಯಲ್ಲಿ ಸಿಕ್ಕ ಉಪಚಾರ ನಮ್ಮ ಕಲೆಕ್ಟರನಿಗೂ ಎಲ್ಲೂ ಸಿಕ್ಕಿರಲಾರದು. ಕಾಲಿಗೆ ಬಿಸಿನೀರು, ಕೈಗೆ ಕಾಫಿ, ಕೂರಲು ಮಣೆ, ಒರಗಲು ಇನ್ನೊಂದು ಮಣೆ. ಚಹಾ ಕುಡಿಯುವ ನಾನು ಆ ಕಹಿ ಕಾಫಿಯನ್ನು ಮುಖ ಹಿಂಡದೆ ನುಂಗಿದೆ. ಆಮೇಲೆ, ನಮ್ಮ ಊರಿನ ರೀತಿಯಲ್ಲಿ, ನೆಟ್ಟಗೆ ಕೇಳಿದೆ.

"ಅದಕ್ಕೇನಂತೆ! ಕಳಿಸೋಣ," ಎಂದರು ಶಾಮಣ್ಣನವರು. "ನಿಮ್ಮನೆ ಮಗಳಲ್ವೇ?"

"ಹಂಗಾದ್ರ ನಾಳೆ ಗಾಡಿಗೆ ಹೊರಡತೀವಿ."

"ಅಯ್ಯೋ, ಇಷ್ಟು ದೂರದಿಂದ ಬಂದು ನಾಳೇನೇ ಹೊರಡೋದುಂಟೇ? ಊಟ ಮಾಡಿ ಮೊದ್ಲು."

ಊಟ ಮಾಡಿದೆ. ಎಲೆಯ ಮುಂದೆ ಸಾವಿತ್ರಮ್ಮನವರು ಮೆಲ್ಲಗೆ, ಹುಳಿ ಬಡಿಸುತ್ತ ಹೇಳಿದರು: "ಧನುರ್ಮಾಸ ನಡೀತಾ ಇದೆ ನೋಡಿ. ಶೂನ್ಯಮಾಸದಲ್ಲಿ ಬಸುರೀನ ಹೊಸಲು ದಾಟಿಸೋ ಪದ್ಧತಿ ನಮ್ಮಲ್ಲಿಲ್ಲ. ಸಂಕ್ರಾಂತಿ ಕಳೀಲಿ."

ಸಂಕ್ರಾಂತಿ ಕಳೆದರೆ ಎಂಟು ಹಿಡಿಯುತ್ತದಲ್ಲ ಎಂದೆ. "ಎಂಟರಲ್ಲಿ ಕಳಿಸೋಕೆ ಆಗುತ್ಯೇ, ನೀವೇ ಹೇಳಿ," ಎಂದರು. ಒಂಬತ್ತರಲ್ಲಿ? ಒಂಬತ್ತರಲ್ಲಿ ರೈಲು ಹತ್ತಿಸುವ ಧೈರ್ಯ ಯಾರಿಗಿದೆ ಎಂದು ಅವರೇ ಕಣ್ಣಿಗೆ ಸೆರಗು ಒತ್ತಿಕೊಂಡರು. ಒಂದೂ ಬಾಗಿಲು ತೆರೆದಿರಲಿಲ್ಲ. ಆದರೂ ಯಾರೂ ಯಾವ ಬಾಗಿಲನ್ನೂ ಹಾಕಿದಂತೆ ಕಾಣಲಿಲ್ಲ. ನಮ್ಮ ಕಡೆಯೂ ಧನುರ್ಮಾಸ ಉಂಟು, ಮದುವೆ ಮುಂಜಿ ನಿಲ್ಲಿಸುತ್ತೇವೆ. ಬಸುರಿಯ ಜೀವವನ್ನು ಪಂಚಾಂಗಕ್ಕೆ ಕಟ್ಟಿಹಾಕಿದ್ದನ್ನು ನಾನು ಅಲ್ಲೇ ಮೊದಲು ನೋಡಿದ್ದು. ಧಾರವಾಡದಲ್ಲಾಗಿದ್ದರೆ 'ಕಳಸಂಗಿಲ್ಲ, ಏನ ಮಾಡತೀಯೋ ಮಾಡು' ಎನ್ನುತ್ತಿದ್ದರು, ನಾನೂ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ. ಇಲ್ಲಿ ತುಪ್ಪ ಬಡಿಸಿದರು. ನಾನು ತಿಂದೆ.

ತುಂಗೆಯ ದಂಡೆ

ಧನುರ್ಮಾಸದಲ್ಲಿ ಸೂರ್ಯ ಹುಟ್ಟುವ ಮೊದಲೇ ದೇವರಿಗೆ ಹುಗ್ಗಿಯ ನೈವೇದ್ಯವಾಗಬೇಕು. ಅದಕ್ಕೆ ಮಡಿನೀರು ಹೊಳೆಯಿಂದಲೇ ಬರಬೇಕು. ಅದನ್ನು ತರುವವಳು ಆ ಮನೆಯಲ್ಲಿ ಯಾರೆಂದು ಹೇಳಬೇಕಾಗಿಲ್ಲ. ಬಾಗಿಲ ಸದ್ದಿಗೆ ಎದ್ದು ಹೊರಗೆ ಬಂದರೆ, ಗಂಗಾ ಬಿಂದಿಗೆ ಸೊಂಟಕ್ಕೇರಿಸಿ ಆಗಲೇ ಬೀದಿಯಲ್ಲಿದ್ದಳು. ನಾನು ಹಿಂದೆಯೇ ಹೊರಟೆ.

ಇನ್ನು ಮಂಜಿನ ಮಾತು. ಬರುವ ಮೊದಲು ಗೆಳೆಯರೆಲ್ಲ ಅದನ್ನೇ ಕೇಳಿದ್ದರು, ಶಿವಮೊಗ್ಗದ ಚಳಿಗಾಲದ ಬೆಳಗು ನೋಡಿ ಬಾ ಎಂದು. ನೋಡಿದೆ. ಮೆಟ್ಟಿಲ ಕೊನೆಗೆ ಹೊಳೆಯೇ ಇರಲಿಲ್ಲ. ಬಿಳುಪು, ಅದರಾಚೆಗೂ ಬಿಳುಪು. ನೀರು ಇದೆಯೆಂದು ತಿಳಿಯುತ್ತಿದ್ದದ್ದು ಬಂಡೆಗೆ ತಾಗುವ ಸಣ್ಣ ಸದ್ದಿನಿಂದ. ಸೇತುವೆಯ ಮೇಲೆ ಎತ್ತಿನಗಾಡಿಯೊಂದು ಹೋಗುತ್ತಿತ್ತು. ಕೆಳಗೆ ಸೇತುವೆ ಕಾಣದೆ, ಗಾಡಿಯ ಕೆಳಗೆ ತೂಗುಹಾಕಿದ್ದ ಲಾಟೀನು ಮಾತ್ರ ಗಾಳಿಯಲ್ಲಿ ತೂಗುತ್ತ ಆಚೆ ದಂಡೆಗೆ ಸಾಗಿತು. ಎಲ್ಲೋ ತೆಪ್ಪದವನೊಬ್ಬ ಕೆಮ್ಮಿದ. ಹುಲ್ಲು ಸುಟ್ಟ ಹೊಗೆಯ ವಾಸನೆ ಚಳಿಯೊಡನೆ ಮೂಗಿಗೆ ಬಂತು. ನಾನು ವರ್ಷಗಟ್ಟಲೆ ಮಕ್ಕಳಿಗೆ ಚಿತ್ರ ಕಲಿಸಿದ್ದೇನೆ. ಇದನ್ನು ಬರೆಯಬೇಕೆಂದರೆ ಕಾಗದವನ್ನು ಮುಟ್ಟದೆ ಬಿಡಬೇಕು. ನನಗೆ ಬಹಳ ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಗಂಗಾ ಆ ಕೊರೆಯುವ ನೀರಿನಲ್ಲಿ ಮುಳುಗೆದ್ದು, ಒದ್ದೆ ಸೀರೆಯಲ್ಲೇ ಮೆಟ್ಟಿಲ ಮೇಲೆ ಕೂತಳು. ಹಲ್ಲು ಕಟಕಟ ಎನ್ನುತ್ತಿದ್ದವು. ಕೈಯಿಂದ ಹೊಟ್ಟೆಯನ್ನು ಅಪ್ಪಿ ಹಿಡಿದಿದ್ದಳು.

"ಏಳು ತಂಗಿ, ಥಂಡಿ ಹತ್ತತದ."

"ಒಂಚೂರು ಕೂಡತೀನಿ ಅಣ್ಣಾ. ದಿನದಾಗ ಇದೊಂದ ನಂದು. ಈ ಮಂಜಿನಾಗ ನನ್ನ ಯಾರೂ ನೋಡಂಗಿಲ್ಲ, ಯಾರೂ ಕರಿಯಂಗಿಲ್ಲ." ಮಂಜಿನ ಕಡೆ ಕೈಮಾಡಿ ಕೇಳಿದಳು, "ಚಂದ ಅದ, ಅಲ್ಲ?"

ಚಂದ ಅದ ಎಂದೆ. ಮೂರು ವರ್ಷದಲ್ಲಿ ಅವಳ ಮಾತು ಅರ್ಧ ಅತ್ತೆಮನೆಯದಾಗಿತ್ತು. ಧಾರವಾಡದ ಮಾತು ಬಂದರೆ ಅಲ್ಲಿ ನಗುತ್ತಾರಂತೆ. ನನ್ನ ಹತ್ತಿರ ಮಾತ್ರ ಹಳೆಯದನ್ನು ಪೆಟ್ಟಿಗೆಯಿಂದ ತೆಗೆದಂತೆ ತೆಗೆದಳು. ಹೋದ ಸಲ ಏನಾಯಿತು ಎಂದು ಕೇಳಿದೆ. "ಇದ ಮೆಟ್ಟಲ ಮ್ಯಾಲ ಜಾರಿದೆ. ಯಾರಿಗೂ ಹೇಳಿಲ್ಲ. ಅವ್ವಗೂ ಹೇಳಬ್ಯಾಡ," ಎಂದಳು.

ತುಂಬಿದ ಬಿಂದಿಗೆಗೆ ಕೈ ಹಾಕಿದೆ. "ಮುಟ್ಟಬ್ಯಾಡ, ಮಡಿ!" ಎಂದು ಹಿಂದೆ ಸರಿದಳು. ಏಳು ತಿಂಗಳ ಬಸುರಿ ನೀರು ಹೊತ್ತು ನಡೆದಳು, ಗಟ್ಟಿಮುಟ್ಟಾದ ಅಣ್ಣ ಕೈ ಬೀಸಿಕೊಂಡು ಪಕ್ಕದಲ್ಲಿ ನಡೆದ.

ಮರುದಿನ ನಾನೂ ತಲೆ ಮುಳುಗಿಸಿ ಸ್ನಾನ ಮಾಡಿದೆ. ಪ್ರಾಣ ಬಾಯಿಗೆ ಬಂತು. ಒದ್ದೆ ಪಂಚೆಯುಟ್ಟು, ಬಿಂದಿಗೆಯನ್ನು ನಾನೇ ಹೊತ್ತು ತಂದು, ಗೆದ್ದವನ ಹಾಗೆ ಹಿತ್ತಲ ಬಾಗಿಲಲ್ಲಿ ಇಳಿಸಿದೆ. ಸಾವಿತ್ರಮ್ಮನವರು ನೀರನ್ನೂ ನನ್ನನ್ನೂ ನೋಡಿದರು. "ನೀವ್ಯಾಕೆ ತೊಂದ್ರೆ ತಗೊಂಡ್ರಿ! ರೈಲಲ್ಲಿ ಬಂದೋರು, ಪ್ರಾಯಶ್ಚಿತ್ತ ಆಗಿಲ್ಲ... ಅದಕ್ಕೇನಂತೆ," ಎಂದು ಇಡೀ ಬಿಂದಿಗೆಯನ್ನು ತುಳಸಿಯ ಬುಡಕ್ಕೂ ಅಲ್ಲ, ಬಚ್ಚಲಿಗೆ ಸುರಿದರು. ಖಾಲಿ ಬಿಂದಿಗೆಯನ್ನು ಗಂಗಾಳ ಕೈಗೆ ಕೊಟ್ಟರು. ಅವಳು ಮತ್ತೆ ಹೊಳೆಗೆ ಹೋದಳು. ನನ್ನ ಉಪಕಾರದಿಂದ ಅವಳಿಗೆ ಎರಡು ಸಲ ಸ್ನಾನ, ಎರಡು ಸಲ ಮೆಟ್ಟಿಲು. ಅಂದು ಬಡಿಸಿದ ಹುಗ್ಗಿ ತುಪ್ಪದಲ್ಲಿ ಈಜುತ್ತಿತ್ತು. ನಾನು ಅದನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಭದ್ರಾವತಿ

ಮಾವನನ್ನು ಕೇಳಿದರೆ "ಅವಳ ಅತ್ತೇನ ಕೇಳಿ", ಅತ್ತೆಯನ್ನು ಕೇಳಿದರೆ "ನಮ್ಮದೇನಿದೆ, ಗಂಡ ಒಪ್ಪಬೇಕಲ್ಲ". ಸರಿ, ಗಂಡನನ್ನೇ ಹಿಡಿಯೋಣವೆಂದು ಬೆಳಗಿನ ಗಾಡಿಗೆ ಭದ್ರಾವತಿಗೆ ಹೋದೆ.

ಅಲ್ಲಿನ ಮಂಜು ಬೇರೆ ಜಾತಿಯದು. ಇದ್ದಿಲ ಹೊಗೆ ಬೆರೆತು ಕಂದುಬಣ್ಣಕ್ಕೆ ತಿರುಗಿತ್ತು. ಮುಖ ಒರೆಸಿದರೆ ಕರವಸ್ತ್ರ ಕಪ್ಪಾಯಿತು. ಆದರೂ ನಿಜ ಹೇಳುತ್ತೇನೆ, ಕುಲುಮೆಯ ಕೆಂಪು ಬೆಳಕು ಆ ಮಂಜಿನಲ್ಲಿ ಉಸಿರಾಡುವಂತೆ ಏರಿ ಇಳಿಯುತ್ತಿದ್ದದ್ದನ್ನು ನೋಡುತ್ತ ಗೇಟಿನ ಬಳಿ ಬಹಳ ಹೊತ್ತು ನಿಂತಿದ್ದೆ. ಕಂಬಳಿ ಹೊದ್ದ ಆಳುಗಳು ಕಾಣುವ ಮೊದಲು ಅವರ ಬೀಡಿಯ ಕಿಡಿ ಕಾಣುತ್ತಿತ್ತು. ಒಬ್ಬ ತಮಿಳಿನಲ್ಲಿ ಬೈದ, ಇನ್ನೊಬ್ಬ ತೆಲುಗಿನಲ್ಲಿ ಉತ್ತರ ಕೊಟ್ಟ, ಇಬ್ಬರೂ ನಗುತ್ತ ಒಳಗೆ ಹೋದರು. ಆ ಊರಿನಲ್ಲಿ ಜನ ಬಾಯಿಬಿಟ್ಟು ಜಗಳವಾಡುತ್ತಾರೆ ಎಂದು ತಿಳಿದು ನನಗೆ ಸಮಾಧಾನವಾಯಿತು.

ಶ್ರೀನಿವಾಸ ಗೇಟಿನಿಂದ ಹೊರಗೆ ಬಂದು, ನನ್ನನ್ನು ಹೋಟೆಲಿಗೆ ಕರೆದೊಯ್ದು, ಇಡ್ಲಿ ತರಿಸಿದ. ತೆಳ್ಳಗಿನ, ಮೆತ್ತಗಿನ ಹುಡುಗ. ಮೆಟ್ಟಿಲ ಮಾತು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. ಅವನು ಇಡ್ಲಿಯನ್ನು ಚೂರು ಮಾಡುತ್ತಲೇ ಇದ್ದ, ತಿನ್ನಲಿಲ್ಲ.

"ಭಾವ, ನಂಗೂ ಭಯ ಇದೆ. ಹೋದ್ಸಲ ಆ ಮಗೂನ ಹೊಳೆ ದಂಡೆಗೆ ತಗೊಂಡು ಹೋದೋನು ನಾನೇ. ಆದ್ರೆ ಅಮ್ಮನಿಗೆ ಎದುರಾಡಿ ಗೊತ್ತಿಲ್ಲ ನಂಗೆ."

"ಎದುರಾಡಬ್ಯಾಡ್ರಿ. 'ಕಳಸ್ರಿ' ಅಂತ ಒಂದ ಮಾತು ಹೇಳ್ರಿ, ಸಾಕು."

ಅವನು ನನಗೆ ಇನ್ನೊಂದು ಕಾಫಿ ತರಿಸಿದ. ಆಗ ನಾನೇ ಹೇಳಿದೆ: ಗುರುವಾರ ಬೆಳಗಿನ ಗಾಡಿಗೆ ಗಂಗಾಳನ್ನು ಹೊಳೆಯಿಂದಲೇ ನೇರ ಕರೆದೊಯ್ಯುತ್ತೇನೆ, ಮನೆಯವರಿಗೆ ಹೇಳುವುದಿಲ್ಲ, ನೀವು ಬೇಡವೆಂದರೆ ಈಗಲೇ ಹೇಳಿ. ಅವನು ಬೇಡ ಎನ್ನಲಿಲ್ಲ. "ನೀವು ಹೇಳಿದ್ದು ನಾನು ಕೇಳಿಸ್ಕೊಂಡಿಲ್ಲ ಅಂತ ಇಟ್ಕೊಳ್ಳಿ," ಎಂದು ಎದ್ದು ಹೋದ. ಈ ನಾಡಿನಲ್ಲಿ ಇಷ್ಟು ಧೈರ್ಯವಂತರೂ ಇದ್ದಾರಲ್ಲ ಎಂದು ಹಲ್ಲು ಕಡಿದೆ.

ಶಿವಮೊಗ್ಗ ಸ್ಟೇಷನ್ನು

ಬುಧವಾರದ ಬೆಳಗ್ಗೆ ಹೊಳೆಯ ದಂಡೆಯಲ್ಲೇ ಗಂಗಾಳಿಗೆ ತಿಳಿಸಿದ್ದೆ. ಅವಳು ಬರತೀನಿ ಎಂದಿದ್ದಳು. ಗುರುವಾರ ಮಂಜು ಇನ್ನೂ ದಟ್ಟವಾಗಿತ್ತು. ಚಾಚಿದ ನನ್ನ ಕೈ ನನಗೇ ಸರಿಯಾಗಿ ಕಾಣದು. ದೇವರೇ ಪರದೆ ಎಳೆದಿದ್ದಾನೆಂದು ಕೈಮುಗಿದೆ. ಅವಳು ಬಿಂದಿಗೆಯನ್ನು ಮೆಟ್ಟಿಲ ಮೇಲೆ ಬೋರಲಿಟ್ಟು ಬಂದಳು. ಉಟ್ಟ ಸೀರೆ, ಹೊದ್ದ ನನ್ನ ಕಂಬಳಿ, ಅಷ್ಟೇ. ದಾರಿಯಲ್ಲಿ ಎದುರಾದವರು ಕೆಮ್ಮಾಗಿ ಬಂದು ಹೆಜ್ಜೆಸದ್ದಾಗಿ ಹೋದರು. ಒಂದು ಕಡೆ ಗಂಗಾ ಸಣ್ಣಗೆ ನಕ್ಕಳು. ಆ ನಗು ನಾನು ಅಲ್ಲಿಗೆ ಬಂದಮೇಲೆ ಕೇಳಿದ್ದು ಅದೇ ಮೊದಲು.

ಸ್ಟೇಷನ್ನಿನಲ್ಲಿ ಟಿಕೇಟು ಕೊಡುವವನು ಮಂಜಿನಲ್ಲಿ ಸಿಗ್ನಲ್ ಕಾಣದೆ ಗಾಡಿ ತಡ ಎಂದ. ಎಷ್ಟು ತಡ ಎಂದರೆ, "ಬರುತ್ತೆ ಮಾರಾಯ್ರೆ, ಎಲ್ಲಿ ಹೋಗುತ್ತೆ," ಎಂದ. ಬೆಂಚಿನ ಮೇಲೆ ಕೂತೆವು. ಗಂಗಾಳ ಹಣೆಯ ಕುಂಕುಮ ದೊಡ್ಡದಾಗಿ, ಹೊಸದಾಗಿತ್ತು. ಹೊಳೆಗೆ ಬರುವಾಗ ಇಷ್ಟು ಕುಂಕುಮ ಯಾಕೆ ಎಂದು ಕೇಳಿದೆ.

"ಹೊರಡೂಮುಂದ ದೇವರ ಮುಂದ ಇಟಕೊಂಡೆ. ಅತ್ತಿ ಕಾಲಿಗೆ ನಮಸ್ಕಾರ ಮಾಡಿ ಬಂದೆ."

"ಅವರು ಮಲಗಿದ್ರಲ್ಲ?"

"ಮಲಗಿದ್ರು. ಮೆಲ್ಲಕ ಮುಟ್ಟಿದೆ. ಕಣ್ಣ ತೆರದು ನೋಡಿ, ದೀರ್ಘಸುಮಂಗಲೀ ಭವ ಅಂದ್ರು."

"ಹುಚ್ಚೀ! ಯಾಕ ಎಬ್ಬಿಸಿದಿ?"

"ಹಡಿಯಾಕ ಹೊಂಟಾಕಿ ಹಿರಿಯರ ಕಾಲು ಮುಟ್ಟದ ಹೆಂಗ ಹೋಗಲಿ ಅಣ್ಣಾ? ಹೇಳದ ಬರಬಹುದು. ನಮಸ್ಕಾರ ಮಾಡದ ಬರಾಕ ಆಗಲಿಲ್ಲ." ಅವಳು ನನ್ನನ್ನು ನೋಡಿದ ರೀತಿಯಲ್ಲಿ, ಇಷ್ಟೂ ತಿಳಿಯದೇ ಎಂಬ ಆಶ್ಚರ್ಯವಿತ್ತು. ಅದೇ ಹೊತ್ತಿಗೆ ಮಂಜಿನೊಳಗೆ ಜಟಕಾದ ಗೆಜ್ಜೆ ಕೇಳಿಸಿತು.

ಶಾಮಣ್ಣನವರು ಕೋಟು, ಪೇಟ, ಉಣ್ಣೆಯ ಮಫ್ಲರು, ಎಲ್ಲ ಸರಿಯಾಗಿ ಧರಿಸಿ ಬಂದಿದ್ದರು. ಕೈಯಲ್ಲಿ ಹಿತ್ತಾಳೆಯ ಊಟದ ಕ್ಯಾರಿಯರು. ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತರು.

"ಗಾಡಿ ಲೇಟಂತೆ. ಪಾಪ, ಈ ಮಂಜಲ್ಲಿ ಡ್ರೈವರು ತಾನೇ ಏನ್ ಮಾಡ್ತಾನೆ? ಹುಗ್ಗಿ ತಂದಿದೀನಿ, ದಾರೀಲಿ ಏನೂ ಸಿಗಲ್ಲ," ಎಂದು ಕ್ಯಾರಿಯರನ್ನು ನನ್ನ ತೊಡೆಯ ಮೇಲಿಟ್ಟರು. ಆಮೇಲೆ ಸೊಸೆಯ ಕಡೆ ತಿರುಗಿದರು. "ಹೋಗ್ಬಾಮ್ಮ. ನಾವು ಬಲವಂತ ಮಾಡೋರಲ್ಲ. ತವರಲ್ಲೇ ಹಿತ ಅನ್ನಿಸಿದ್ರೆ ಅಲ್ಲೇ ಇರು, ಅವಸರ ಮಾಡಿ ವಾಪಸು ಬರ್ಬೇಕು ಅಂತೇನೂ ಇಲ್ಲ. ಶ್ರೀನಿವಾಸನಿಗೂ ಇನ್ನೂ ಚಿಕ್ಕ ವಯಸ್ಸು. ಅವನ ದಾರಿ ಅವನು ನೋಡ್ಕೋತಾನೆ."

ಇಷ್ಟನ್ನೂ ಮಫ್ಲರಿನ ತುದಿ ಸರಿಮಾಡಿಕೊಳ್ಳುತ್ತ, ಹವೆಯ ಮಾತಾಡುವವರಂತೆ ಹೇಳಿದರು. ನಾನು ಎದ್ದು ನಿಂತು ಕೂಗಾಡಿದೆ. ಮಗನಿಗೆ ಇನ್ನೊಂದು ಮದುವೆ ಮಾಡತೀನಿ ಅಂತ ನೆಟ್ಟಗ ಹೇಳ್ರಿ, ಹುಗ್ಗಿ ಯಾಕ ತಂದ್ರಿ ಎಂದೆ. ಇನ್ನೂ ಏನೇನೋ ಅಂದೆ, ಬರೆಯುವಂಥವಲ್ಲ. ಪೋರ್ಟರುಗಳು ಸುತ್ತ ನಿಂತರು. ಶಾಮಣ್ಣನವರು ನನ್ನ ಭುಜ ತಟ್ಟಿ, "ಕೂತ್ಕೊಳ್ಳಿ, ಬೆಳಗಿನ ಚಳಿಗೆ ಕೂಗಿದ್ರೆ ಗಂಟಲು ಹೋಗುತ್ತೆ," ಎಂದರು. ನೋಡಿದವರ ಕಣ್ಣಿಗೆ ಒರಟ ನಾನು, ಸಾಧು ಅವರು. ಜೀವಮಾನದಲ್ಲಿ ಯಾರನ್ನೂ ನಾನು ಅಷ್ಟು ದ್ವೇಷಿಸಿಲ್ಲ.

"ಅಣ್ಣಾ, ಸಾಕು," ಎಂದಳು ಗಂಗಾ. ಕಂಬಳಿ ತೆಗೆದು, ಮಡಿಸಿ, ಬೆಂಚಿನ ಮೇಲಿಟ್ಟಳು. "ಅವ್ವಗ ಆರಾಮ ಅದೀನಿ ಅಂತ ಹೇಳು." ಮಾವನ ಹಿಂದೆ ನಡೆದಳು. ಜಟಕಾ ಹೊರಟ ಸದ್ದು ಕೇಳಿತು, ಗಾಡಿ ಕಾಣಲಿಲ್ಲ. ಅದಾದ ಸ್ವಲ್ಪ ಹೊತ್ತಿಗೇ ರೈಲು ಬಂತು.

ಭದ್ರಾವತಿ, ಗಾಡಿ ನಿಂತಾಗ

ಕ್ಯಾರಿಯರನ್ನು ಸೇತುವೆಯ ಮೇಲಿಂದ ತುಂಗೆಗೆ ಎಸೆಯಬೇಕೆಂದಿದ್ದೆ. ಎದುರಿಗೆ ಕೂತಿದ್ದ ಅಜ್ಜನಿಗೆ ಕೊಟ್ಟೆ. ಅವನು ಮುಚ್ಚಳ ತೆಗೆದು, ತುಪ್ಪದ ಘಮಕ್ಕೆ ಕಣ್ಣು ಮುಚ್ಚಿ, ಕೊಟ್ಟವರ ಮನೆ ತಣ್ಣಗಿರಲಿ ಎಂದು ಹರಸಿ ತಿಂದ.

ಭದ್ರಾವತಿಯಲ್ಲಿ ಬಿಸಿಲು ಬಿದ್ದು ಮಂಜು ಹರಿಯುತ್ತಿತ್ತು. ಪ್ಲಾಟ್‌ಫಾರ್ಮಿನಲ್ಲಿ ಯಾರೋ ಹೆಂಗಸರ ಡಬ್ಬಿಯ ಕಿಟಕಿಗಳನ್ನು ಒಂದೊಂದಾಗಿ ಇಣುಕುತ್ತ, ಬೈಸಿಕೊಳ್ಳುತ್ತ ಬರುತ್ತಿದ್ದ. ನೋಡಿದರೆ ಶ್ರೀನಿವಾಸ. ಕಂಕುಳಲ್ಲಿ ಕಾಗದದ ಕಟ್ಟು. ನನ್ನನ್ನು ಕಂಡು ಓಡಿಬಂದ.

"ಎಲ್ಲಿ ಭಾವ? ಯಾವ ಡಬ್ಬೀಲಿ ಕೂರಿಸಿದೀರಿ?"

ಆದದ್ದನ್ನು ಎರಡು ಮಾತಿನಲ್ಲಿ ಹೇಳಿದೆ. "ಅಪ್ಪ ಬಂದಿದ್ರಾ," ಎಂದ. ನಾನು ಕಿಟಕಿಯಿಂದ ಕೈ ಚಾಚಿ ಅವನ ಅಂಗಿ ಹಿಡಿದೆ. "ಈಗ ಹೋಗ್ರಿ. ಆಚೆ ಗಾಡಿ ಹಿಡದು ಹೋಗಿ, ನನ್ನ ಹೆಂಡತಿ ನೀರು ಹೊರಂಗಿಲ್ಲ ಅಂತ ಹೇಳ್ರಿ. ತವರಿಗೆ ಕಳಸದಿದ್ರ ಬ್ಯಾಡ, ಅಷ್ಟರ ಹೇಳ್ರಿ." ಅವನು ತಲೆಯಾಡಿಸಿದ. ಹೌದೆಂದೋ ಇಲ್ಲವೆಂದೋ ನನಗೆ ಇಂದಿಗೂ ತಿಳಿಯದು.

ಗಾರ್ಡು ಸೀಟಿ ಊದಿದ. ಶ್ರೀನಿವಾಸ ಕಟ್ಟನ್ನು ಕಿಟಕಿಯೊಳಗೆ ತುರುಕಿದ. ಕಾಗದ ಹರಿದು ಒಳಗಿನ ಉಣ್ಣೆಯ ಶಾಲು ಕಂಡಿತು. ಹಸುರು ಬಣ್ಣದ್ದು, ಒಳ್ಳೆಯದು, ಬೆಲೆಬಾಳುವಂಥದು.

"ಆಕಿ ಅಲ್ಲೇ ಇದ್ದಾಳಲ್ಲರೀ," ಎಂದೆ. "ನೀವ ಒಯ್ದು ಕೊಡ್ರಿ."

"ಬೇಡ ಭಾವ, ನೀವೇ ತಗೊಂಡು ಹೋಗಿ," ಎಂದು ಗಾಡಿಯ ಜೊತೆ ನಡೆಯುತ್ತ ಹೇಳಿದ. "ಮನೇಗೆ ತಗೊಂಡು ಹೋದ್ರೆ, ಯಾರಿಗೆ ತಂದೆ ಅಂತ ಅಮ್ಮ ಕೇಳ್ತಾರೆ."

ಇದನ್ನು ಬರೆಯುವ ಹೊತ್ತಿಗೆ ಸಂಕ್ರಾಂತಿ ಕಳೆದಿದೆ, ಗಂಗಾಳಿಗೆ ಎಂಟು ಹಿಡಿದಿದೆ. ಅವ್ವ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಶಾಲನ್ನು ಮಾತ್ರ ಬಾಣಂತಿ ಕೋಣೆಯ ಮಂಚದ ಮೇಲೆ ಹಾಸಿ, ಸುಕ್ಕು ತೆಗೆದು, ದಿನವೂ ಬಾಗಿಲು ಹಾಕಿ ಬರುತ್ತಾಳೆ.